ಒಂದು ಹಿಡಿ ಒಂದೆಲಗ

ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ಸಾಗರದ ನಮ್ಮ ಮನೆಗೆ ನೆಂಟರ ಸುಗ್ಗಿ. ಹೊರಗೆ ಅಡಿಕೆ ಸುಗ್ಗಿ, ಒಳಗೆ ನೆಂಟರ ಸುಗ್ಗಿ ಎಂದು ನಮ್ಮನೆಯವರು ತಮಾಷೆ ಮಾಡುವುದುಂಟು. ಬೆಂಗಳೂರಿನ ಮಗ, ಸೊಸೆ, ನಾದಿನಿ, ಅವಳ ಗಂಡ, ಮಕ್ಕಳು ಎಲ್ಲರಿಗೂ ಕ್ರಿಸ್‌ಮಸ್ ರಜೆ ಒಟ್ಟಿಗೇ ಸಿಗುವುದರಿಂದ ಎಲ್ಲರೂ ಒಟ್ಟಿಗೇ ಬರುತ್ತಾರೆ. ಬರಲಿ, ಬರಬೇಕಾದವರೇ. ಮಕ್ಕಳ ಗಲಾಟೆಯಿಲ್ಲದ ಮನೆ ಏನು ಚೆಂದ? ಆದರೆ ಹನ್ನೊಂದು ಜನಕ್ಕೆ ಒಂದೇ ಬಚ್ಚಲುಮನೆ, ಒಬ್ಬಳೇ ನಾನು ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ.

ರಜೆ ಎನ್ನುವುದು ಒಂದು ವಿಚಿತ್ರ ವಸ್ತು. ಅದು ಮನೆಯ ಎಲ್ಲರಿಗೂ ಬಂದಷ್ಟೂ ಮನೆಯೊಡತಿಯಿಂದ ದೂರ ಹೋಗುತ್ತದೆ. ಬೆಳಿಗ್ಗೆ ಧನುರ್ಮಾಸದ ಪೂಜೆಗೆ ನಸುಕಿನಲ್ಲೇ ಎದ್ದು ಹುಗ್ಗಿ ಮಾಡಬೇಕು. ಏಳುವವರು ಒಬ್ಬೊಬ್ಬರಾಗಿ ಏಳುವುದರಿಂದ ಕಾಫಿಯನ್ನು ಏಳು ಸಲ ಬಿಸಿ ಮಾಡಬೇಕು. ಒಬ್ಬರಿಗೆ ಸಕ್ಕರೆ ಇಲ್ಲ, ಇನ್ನೊಬ್ಬರಿಗೆ ಹಾಲಿಲ್ಲ. ಜೋಗಕ್ಕೆ ಹೊರಟವರಿಗೆ ಚಿತ್ರಾನ್ನ ಕಟ್ಟಿಕೊಡಬೇಕು. ಡಿಸೆಂಬರಿನಲ್ಲಿ ಅಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುವುದು, ಆದರೂ ಹೋಗದೆ ಇರುವುದುಂಟೇ? ಅವರು ಹೋದ ಮೇಲೆ ಸಂಕ್ರಾಂತಿಯ ಎಳ್ಳಿಗೆಂದು ಕೊಬ್ಬರಿ, ಬೆಲ್ಲ ಹೆಚ್ಚಲು ಕೂರಬೇಕು. ಎರಡು ಕಿಲೋ ಬೆಲ್ಲವನ್ನು ಸಣ್ಣ ಚೂರು ಮಾಡಿದವರಿಗೇ ಗೊತ್ತು, ಅಡಕತ್ತರಿ ಬೆರಳಿಗೆ ಬರೆಯುವ ಬರಹ.

ನಾನು ಹೇಳಹೊರಟಿರುವುದು 2022ರ ಡಿಸೆಂಬರಿನ ಮಾತು. ಆ ತಿಂಗಳು ಶುರುವಾದಾಗಲೇ ನನಗೆ ನಿದ್ದೆ ಕೈಕೊಟ್ಟಿತ್ತು. ರಾತ್ರಿ ಮೂರಕ್ಕೆ ಸರಿಯಾಗಿ ಎಚ್ಚರ. ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು ಪಟ್ಟಿ ಹಾಕುವುದು: ಹಾಸಿಗೆ ಬಿಸಿಲಿಗೆ ಹಾಕಿಲ್ಲ, ಗ್ಯಾಸ್ ಸಿಲಿಂಡರು ಬುಕ್ ಮಾಡಿಲ್ಲ, ನಾದಿನಿಯ ಗಂಡನಿಗೆ ಬದನೆಕಾಯಿ ಆಗುವುದಿಲ್ಲ. ಬೆಳಿಗ್ಗೆ ಎದ್ದರೆ ತಲೆ ಭಾರ, ಅದಕ್ಕೊಂದು ಕಾಫಿ, ಮಧ್ಯಾಹ್ನ ತೂಕಡಿಕೆಗೆ ಇನ್ನೊಂದು, ಸಂಜೆ ನೆಂಟರ ಜೊತೆಗೆಂದು ಮತ್ತೊಂದು.

ನಿದ್ದೆ ಬರುತ್ತಿಲ್ಲವೆಂದು ಒಬ್ಬರ ಬಳಿ ಹೇಳಿ ನೋಡಿ, ಹತ್ತು ಮದ್ದು ಮನೆಗೆ ಬರುತ್ತವೆ. ಪಕ್ಕದ ಮನೆಯವರು ಅಶ್ವಗಂಧದ ಪುಡಿಯ ಡಬ್ಬಿಯನ್ನೇ ತಂದುಕೊಟ್ಟರು. "ಹಾಲಿಗೆ ಒಂದು ಚಮಚ ಹಾಕ್ಕೊಂಡು ಕುಡೀರಿ, ಗಿಡಮೂಲಿಕೆ ತಾನೇ, ಏನೂ ಆಗಲ್ಲ" ಎಂದರು. ನಮ್ಮ ಕಡೆ ಹಿರೇಮದ್ದು ಎಂದೂ ಕರೆಯುವ ಗಿಡದ ಬೇರು ಅದು. ಹಸಿ ಬೇರಿಗೆ ಕುದುರೆಯ ವಾಸನೆ ಇರುವುದರಿಂದ ಆ ಹೆಸರು. ಸಸ್ಯಶಾಸ್ತ್ರದವರು ಅದಕ್ಕಿಟ್ಟ ಹೆಸರಿನಲ್ಲೂ ಸೋಮ್ನಿಫೆರ, ಅಂದರೆ ನಿದ್ದೆ ತರುವುದು ಎಂಬ ಮಾತಿದೆ. ಹೆಸರೇ ಹೀಗಿರುವಾಗ ಅನುಮಾನವೇಕೆ ಎಂದು ಅಂದಿನಿಂದಲೇ ಶುರು ಮಾಡಿದೆ.

24ರ ರಾತ್ರಿ ಬಸ್ಸಿಗೆ ಹೊರಟು ಬಂದ ಸೊಸೆ ಕ್ಯಾಮೊಮೈಲ್ ಎಂಬ ಹೂವಿನ ಚಹಾ ತಂದಿದ್ದಳು. "ಅತ್ತೆ, ಇದು ನಿಮಗೇ ಅಂತ ತಂದೆ, ಮಲಗೋ ಮುಂಚೆ ಕುಡಿದರೆ ಮನಸ್ಸು ಹಗುರಾಗುತ್ತೆ" ಎಂದಳು. ಕುಡಿದು ನೋಡಿದರೆ ಒಣಗಿದ ಸೇವಂತಿಗೆಯನ್ನು ಬಿಸಿನೀರಲ್ಲಿ ನೆನೆಸಿದ ಹಾಗೆ. ಆಮೇಲೆ ತಿಳಿಯಿತು, ಅದು ಸೇವಂತಿಗೆಯ ಕುಲದ್ದೇ. ನಾದಿನಿ ಸುಮ್ಮನಿದ್ದಾಳೆಯೇ? "ಅತ್ತಿಗೆ, ಅದೆಲ್ಲ ಬಿಡಿ, ಜಾಯಿಕಾಯಿ ತೇಯ್ದು ಹಾಲಿಗೆ ಹಾಕಿ" ಎಂದು ತಾನೇ ತೇಯ್ದುಕೊಟ್ಟಳು. ಜೊತೆಗೆ ತಲೆಗೆ ಜಟಾಮಾಂಸಿಯ ಎಣ್ಣೆ. ಹಿಮಾಲಯದಲ್ಲಿ 3000 ಮೀಟರಿಗೂ ಮೇಲೆ ಬೆಳೆಯುವ, ಕಿತ್ತು ಕಿತ್ತು ಈಗ ಅಳಿವಿನ ಅಂಚಿಗೆ ಬಂದಿರುವ ಆ ಪಾಪದ ಬೇರು ನನ್ನ ತಲೆಯ ಬಿಸಿ ಇಳಿಸಲು ಸಾಗರದವರೆಗೆ ಬಂದಿತ್ತು!

ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಎಲ್ಲವನ್ನೂ ತೆಗೆದುಕೊಂಡೆ. ಅವರವರ ಪ್ರೀತಿ ಅವರವರ ಲೋಟದಲ್ಲಿತ್ತು. ನಿದ್ದೆ ಮಾತ್ರ ಬರಲಿಲ್ಲ. ಬದಲಿಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು, ಚಳಿಯಲ್ಲೂ ಬೆವರು, ಸಣ್ಣ ಮಾತಿಗೂ ರೇಗಾಟ.

ಡಿಸೆಂಬರ್ 31ರ ಸಂಜೆ. ಮಕ್ಕಳಿಗೆ ಕೇಕ್ ಬೇಕು, ದೊಡ್ಡವರಿಗೆ ಬಜ್ಜಿ ಬೇಕು. ನಾನು ಎಣ್ಣೆಯ ಬಾಣಲೆಯ ಮುಂದೆ ನಿಂತಿದ್ದೆ. ನನ್ನ ಅತ್ತೆಗೆ ಆಗ ಎಂಬತ್ತೆರಡು. ಮರೆವು ಶುರುವಾಗಿ ಒಂದು ವರ್ಷವಾಗಿತ್ತು. ಅಡಿಗೆಮನೆಯ ಬಾಗಿಲಿಗೆ ಬಂದು, "ಪುಟ್ಟ ಬಂದ್ನೇನೇ?" ಎಂದು ಕೇಳಿದರು. ಪುಟ್ಟ ಎಂದರೆ ಐವತ್ತು ದಾಟಿದ ನನ್ನ ಮೈದುನ. ಸಂಕ್ರಾಂತಿಗೆ ಬರುವವನಿದ್ದ. "ಇಲ್ಲ ಅತ್ತೆ, ಹಬ್ಬಕ್ಕೆ ಬರ್ತಾರೆ" ಎಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮತ್ತೆ ಹೇಳಿದೆ. ಮೂರನೆಯ ಸಲ ಕೇಳಿದಾಗ ನನ್ನೊಳಗಿನ ಯಾವುದೋ ದಾರ ಫಟ್ಟನೆ ಹರಿಯಿತು.

"ಇಷ್ಟು ಜನಕ್ಕೆ ಬೇಯಿಸಿ ಹಾಕೋದಲ್ಲದೆ ನಿಮಗೆ ನೂರು ಸಲ ಉತ್ತರ ಬೇರೆ ಹೇಳ್ಬೇಕಾ? ಸುಮ್ನೆ ಒಂದು ಕಡೆ ಕೂತ್ಕೊಳ್ಳೋಕೆ ಆಗಲ್ವಾ ನಿಮಗೆ?"

ಜಗುಲಿಯವರೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ್ದೆ. ನಗುತ್ತಿದ್ದವರೆಲ್ಲ ಸುಮ್ಮನಾದರು. ಅತ್ತೆ ಏನೂ ಅನ್ನಲಿಲ್ಲ. ಬಾಗಿಲು ಹಿಡಿದುಕೊಂಡು ನಿಧಾನವಾಗಿ ತಿರುಗಿ ತಮ್ಮ ಕೋಣೆಗೆ ಹೋದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಎದುರಾಡಿದ್ದೇ ಇಲ್ಲವೆಂದು ಸುಳ್ಳು ಹೇಳಲಾರೆ. ಆದರೆ ಹೀಗೆ, ಮಕ್ಕಳು ಮೊಮ್ಮಕ್ಕಳ ಮುಂದೆ, ತಿರುಗಿ ಮಾತಾಡಲಾರದ ವಯಸ್ಸಿನಲ್ಲಿ ಅವರನ್ನು ಅಂದವಳಲ್ಲ. ಆ ರಾತ್ರಿ ಎಲ್ಲರೂ ಹೊಸ ವರ್ಷಕ್ಕೆ ಕಾಯುತ್ತಾ ಎದ್ದಿದ್ದರು. ನಾನು ಬೆಳಗಾಗುವುದನ್ನು ಕಾಯುತ್ತಾ ಎದ್ದಿದ್ದೆ.

ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದಿತ್ತು. ಗಾಬರಿಯಾಗಿ ಹೋಗಿ ನೋಡಿದರೆ ಬಾವಿಕಟ್ಟೆಯ ಪಕ್ಕದ ತಂಪು ನೆಲದಲ್ಲಿ ಅತ್ತೆ ಶಾಲು ಹೊದ್ದು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಮುಂದೆ ಒಂದು ತಟ್ಟೆ. ನೆಲಕ್ಕೆ ಹಬ್ಬಿದ ಒಂದೆಲಗದ ಬಳ್ಳಿಯಿಂದ ಒಂದೊಂದೇ ಎಲೆ ಚಿವುಟಿ ಹಾಕುತ್ತಿದ್ದಾರೆ.

"ಈ ಚಳಿಲಿ ಏನ್ ಮಾಡ್ತಿದೀರಿ ಅತ್ತೆ?"

"ನಿಂಗೇ ಕಣೆ. ತಲೆ ಕಾದಿದೆ ನಿಂದು. ಮಧ್ಯಾಹ್ನಕ್ಕೆ ತಂಬುಳಿ ಮಾಡು."

ನನಗೆ ಮಾತು ಹೊರಡಲಿಲ್ಲ. ಅವರ ಪಕ್ಕದಲ್ಲೇ ಕೂತು ನಾನೂ ಎಲೆ ಬಿಡಿಸತೊಡಗಿದೆ. ಒಂದೆಲಗ ಅವಸರಕ್ಕೆ ಒಗ್ಗುವ ಸೊಪ್ಪಲ್ಲ. ಕಂತೆ ಹಿಡಿದು ಕೊಯ್ದರೆ ಹುಲ್ಲೂ ಮಣ್ಣೂ ಒಟ್ಟಿಗೇ ಬರುತ್ತದೆ. ದೊಡ್ಡ ಎಲೆ ನೋಡಿ, ತೊಟ್ಟು ಚಿವುಟಿ, ಹುಳ ಇದೆಯೇ ಎಂದು ತಿರುಗಿಸಿ ಹಾಕಬೇಕು. ಒಂದು ಹಿಡಿಯಾಗಲು ಇಪ್ಪತ್ತು ನಿಮಿಷ ಬೇಕು. ಎದುರಿಗೆ ಇಬ್ಬನಿ, ಅಡಿಗೆಮನೆಯಲ್ಲಿ ಯಾರೋ ತಾವೇ ಹಾಲು ಕಾಯಿಸಿಕೊಳ್ಳುವ ಸದ್ದು.

ಅತ್ತೆ ತಾವಾಗಿಯೇ ಹೇಳಿದರು. "ನಾನು ಮದುವೆಯಾಗಿ ಬಂದಾಗ ಆ ಮನೇಲಿ ಇಪ್ಪತ್ತೆರಡು ಜನ. ಕೊನೆಕೊಯ್ಲಿನಲ್ಲಿ ಆಳುಗಳೂ ಸೇರಿದ್ರೆ ಕೇಳೋದೇ ಬೇಡ. ತಲೆ ಕೆಟ್ಟಾಗ ತಂಬುಳಿಗೆ ಸೊಪ್ಪು ತರ್ತೀನಿ ಅಂತ ತೋಟಕ್ಕೆ ಹೋಗಿಬಿಡ್ತಿದ್ದೆ. ಸೊಪ್ಪಿಗೆ ಹೋದವಳನ್ನ ಯಾರೂ ಕರೀತಿರ್ಲಿಲ್ಲ. ಅಲ್ಲಿ ಒಂದು ಗಳಿಗೆ ಅತ್ತು ಬರ್ತಿದ್ದೆ."

ನಿನ್ನೆಯದು ಅವರಿಗೆ ನೆನಪಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ. "ತಪ್ಪಾಯ್ತು ಅತ್ತೆ" ಎಂದೆ. "ಹುಳ ನೋಡಿ ಹಾಕು" ಎಂದರು.

ಆ ದಿನದ ತಂಬುಳಿ ಹೀಗಾಯಿತು, ಮಾಡುವವರು ಮಾಡಿ ನೋಡಿ. ತೊಳೆದ ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ಒಂದು ಹಿಡಿ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಕಲಸಿ ಉಪ್ಪು ಹಾಕುವುದು. ಮೇಲೆ ಸಾಸಿವೆ, ಒಣಮೆಣಸಿನ ಒಗ್ಗರಣೆ. ಕುದಿಸಬಾರದು. ಸೊಸೆ ಎರಡು ಸಲ ಬಡಿಸಿಕೊಂಡಳು. ಇದೇ ಬ್ರಾಹ್ಮಿಯೇ ಎಂದು ಅವಳು ಕೇಳಿದಳು. ಆ ಹೆಸರಿನಲ್ಲಿ ಗಿಡ ಎರಡಿವೆ. ದುಂಡು ಎಲೆಯ ಒಂದೆಲಗ ಒಂದು, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಚರಕಸಂಹಿತೆ ಬುದ್ಧಿಗೆ ಒಳ್ಳೆಯದೆಂದು ಹೇಳುವ ನಾಲ್ಕು ರಸಾಯನಗಳಲ್ಲಿ ಅದೂ ಸೇರಿದೆ. ಇನ್ನೊಂದು ಚಿಕ್ಕ ದಪ್ಪ ಎಲೆಯ ನೀರುಬ್ರಾಹ್ಮಿ. ಅಂಗಡಿಯಲ್ಲಿ ಪುಡಿ ಕೊಳ್ಳುವವರು ಯಾವುದೆಂದು ನೋಡಿ ಕೊಳ್ಳುವುದು ಮೇಲು.

ನೆಂಟರು ಹೊರಟ ಮೇಲೆ ನಮ್ಮನೆಯವರು ಬಲವಂತದಿಂದ ನನ್ನನ್ನು ಡಾಕ್ಟರ ಬಳಿ ಕರೆದೊಯ್ದರು. ನಾನು ಆರು ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗುವವಳು. ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರು, "ಮಾತ್ರೆ ಬಿಟ್ಟು ಬೇರೆ ಏನು ತಗೋತಿದೀರಿ?" ಎಂದು ಕೇಳಿದರು. ಏನೂ ಇಲ್ಲ ಎಂದೆ. ಪುಡಿಯನ್ನು ಔಷಧಿಯೆಂದು ನಾನು ಎಣಿಸಿಯೇ ಇರಲಿಲ್ಲ! ನಮ್ಮನೆಯವರು ಅಶ್ವಗಂಧದ ಡಬ್ಬಿಯ ವಿಷಯ ಹೇಳಿದಾಗ ಡಾಕ್ಟರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆ ಬೇರು ಕೆಲವರಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಮೊದಲೇ ಮಾತ್ರೆ ತಿನ್ನುವವರಿಗೆ ಅದು ಮೇಲೊಂದು ಹೊರೆ. ಎದೆಬಡಿತ, ಬೆವರು, ಸಿಡಿಮಿಡಿ ಎಲ್ಲಕ್ಕೂ ಅದು ದಾರಿಯಾಗಬಹುದು. ನಿದ್ದೆಗೆ ಅದರಿಂದ ಸ್ವಲ್ಪ ಸಹಾಯವಾದದ್ದು ಕೆಲವು ಅಧ್ಯಯನಗಳಲ್ಲಿ ಕಂಡಿರುವುದೂ ನಿಜವೇ. ಆದರೆ ಬಸುರಿಯರು, ಲಿವರಿನ ತೊಂದರೆ ಇರುವವರು, ನಿದ್ದೆಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ಮುಟ್ಟಬಾರದು. ಜಾಯಿಕಾಯಿಯೂ ಕಷಾಯದ ಪುಡಿಗೆ ಬೀಳುವ ಚಿಟಿಕೆಯಷ್ಟಿದ್ದರೆ ಸರಿ, ಚಮಚಗಟ್ಟಲೆಯಾದರೆ ವಿಷ. ಇನ್ನು ನನ್ನ ಕಾಫಿ. ಒಂದು ಲೋಟದ ಕೆಫೀನಿನಲ್ಲಿ ಅರ್ಧದಷ್ಟು ಮೈಯಿಂದ ಇಳಿಯಲೇ ಸುಮಾರು 5 ಗಂಟೆ ಬೇಕಂತೆ. ಸಂಜೆ ಆರಕ್ಕೆ ಕುಡಿದು ಹತ್ತಕ್ಕೆ ನಿದ್ದೆ ಬಾ ಎಂದರೆ ಅದು ಎಲ್ಲಿಂದ ಬಂದೀತು?

ತಪ್ಪೆಲ್ಲ ಪುಡಿಯದೇ ಎಂದು ಹೇಳಿ ನಾನು ಕೈತೊಳೆದುಕೊಳ್ಳಬಹುದಿತ್ತು. ಅದು ಅಷ್ಟು ಸುಲಭವಲ್ಲ. ಹನ್ನೊಂದು ಜನರ ಕೆಲಸವನ್ನು ಯಾರೂ ಹೊರಿಸದಿದ್ದರೂ ಹೊತ್ತುಕೊಂಡವಳು ನಾನೇ. "ನಾನು ಮಾಡ್ತೀನಿ ಬಿಡು" ಎಂದು ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡವಳೂ ನಾನೇ. ಮಾಡಿದ್ದೂ ನಾನೇ, ಯಾರೂ ಮಾಡಲಿಲ್ಲವೆಂದು ಒಳಗೊಳಗೇ ಕುದಿದದ್ದೂ ನಾನೇ. ನಮ್ಮಲ್ಲಿ ಎಷ್ಟು ಜನ ಹೀಗಿಲ್ಲ, ನೀವೇ ಹೇಳಿ?

ಆ ಸಂಕ್ರಾಂತಿಗೆ ಬೆಲ್ಲ ಹೆಚ್ಚಿದ್ದು ನಮ್ಮನೆಯವರು, ಕೊಬ್ಬರಿ ಹೆಚ್ಚಿದ್ದು ಮೈದುನ. ಚೂರುಗಳು ಒಂದೊಂದೂ ಒಂದೊಂದು ಗಾತ್ರ. ಸಕ್ಕರೆ ಅಚ್ಚನ್ನು ಅಂಗಡಿಯಿಂದಲೇ ತಂದೆವು. ಆಕಾಶವೇನೂ ಕಳಚಿ ಬೀಳಲಿಲ್ಲ. ಅತ್ತೆಯ ಕೈಗೆ ಎಳ್ಳು ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಾಗ, "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಎಂದರು. ಎಲ್ಲರಿಗೂ ಹೇಳುವ ಮಾತೇ ಅದು. ನನಗೆ ಮಾತ್ರ ತಲೆಯೆತ್ತಲಾಗಲಿಲ್ಲ.

ಈಗ ಅತ್ತೆಯ ಮರೆವು ಇನ್ನೂ ಹೆಚ್ಚಾಗಿದೆ. ನೆನಪಿನ ಸೊಪ್ಪೆಂದು ಹೆಸರಾದ ಎಲೆ ಅವರ ನೆನಪನ್ನು ಉಳಿಸಲಿಲ್ಲ. ಕೆಲವು ದಿನ ನಾನು ಯಾರೆಂದೂ ತಿಳಿಯುವುದಿಲ್ಲ. ಆದರೆ ತಟ್ಟೆ ಕೊಟ್ಟು ಬಾವಿಕಟ್ಟೆಯ ಹತ್ತಿರ ಕೂರಿಸಿದರೆ ಬೆರಳುಗಳು ತಾವಾಗಿಯೇ ಎಲೆ ಆರಿಸುತ್ತವೆ. ಡಿಸೆಂಬರಿನ ಬೆಳಿಗ್ಗೆ ಮನೆ ತುಂಬ ನೆಂಟರಿರುವಾಗಲೂ ನಾವಿಬ್ಬರೂ ಅರ್ಧ ಗಂಟೆ ಅಲ್ಲಿರುತ್ತೇವೆ. ಸೊಪ್ಪಿಗೆ ಹೋದವರನ್ನು ಈಗಲೂ ಯಾರೂ ಕರೆಯುವುದಿಲ್ಲ.

"ಪುಟ್ಟ ಬಂದ್ನೇನೇ?"

"ಹಬ್ಬಕ್ಕೆ ಬರ್ತಾರೆ ಅತ್ತೆ."

ಎಲೆ ಬಿಡಿಸಿ ಮುಗಿಯುವುದರೊಳಗೆ ನಾಲ್ಕು ಸಲ ಕೇಳುತ್ತಾರೆ. ನಾಲ್ಕು ಸಲವೂ ಹೇಳುತ್ತೇನೆ.