ಒಂದು ಸಂಜೆಗೆ ಬೇಕಾದ ಹಾಡುಗಳು

2024ರ ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಬೆಂಗಳೂರಿನಿಂದ ಫೋನು ಬಂತು. ಮಾಡಿದವನು ನಮ್ಮಲ್ಲಿ ಒಬ್ಬರಿಗೆ ತಮ್ಮ, ಇನ್ನೊಬ್ಬರಿಗೆ ಭಾವಮೈದುನ. "ಭಾಯಿಜಾನ್, ಆಪಾ, ನಿಮ್ಮ ಹತ್ತಿರ ಅಷ್ಟೊಂದು ಕ್ಯಾಸೆಟ್‌ಗಳಿವೆ. ಸೆಪ್ಟೆಂಬರ್ ಆರರ ಸಂಜೆ ನಾವಿಬ್ಬರೂ ಕೂತು ಕೇಳುವುದಕ್ಕೆ ಒಂದಿಷ್ಟು ಹಾಡು ಆರಿಸಿಕೊಡಿ. ಹೆಸರು ಬರೆದು ಕಳಿಸಿದರೂ ಸಾಕು" ಎಂದ. ನಾವಿಬ್ಬರೂ ಎಂದರೆ ಅವನು ಮತ್ತು ಅವನ ಜೊತೆ ಬಾಳುತ್ತಿರುವ ಗೆಳೆಯ. ಗಂಡ ಹೆಂಡತಿ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವನು ನಮ್ಮೊಂದಿಗೆ ಈ ವಿಷಯ ಮೊದಲು ಹೇಳಿದ್ದು 2014ರ ಈದ್‌ನ ಮರುದಿನ. ದೆಹಲಿ ಹೈಕೋರ್ಟು 2009ರಲ್ಲಿ ತೆರೆದಿದ್ದ ಬಾಗಿಲನ್ನು ಸುಪ್ರೀಂ ಕೋರ್ಟು 2013ರ ಡಿಸೆಂಬರಿನಲ್ಲಿ ಮುಚ್ಚಿತ್ತು. ಅಂಥ ಹೊತ್ತಿನಲ್ಲಿ ಅವನು ಬಾಯಿಬಿಟ್ಟಿದ್ದ. ನಾವು ಬೈಯಲಿಲ್ಲ, ಅಳಲಿಲ್ಲ. "ಈ ಮಾತು ಇಲ್ಲಿಗೇ ಇರಲಿ, ಅಮ್ಮಿಗೆ ಗೊತ್ತಾಗುವುದು ಬೇಡ" ಎಂದೆವು, ಅಷ್ಟೇ. ಆಮೇಲಿನ ಪ್ರತಿ ಈದ್‌ಗೂ ಅವನು ಬಂದ, ಊಟ ಮಾಡಿದ, ಅಂದು ಸಂಜೆಯೇ ವಾಪಸು ಬಸ್ಸು ಹತ್ತಿದ. ಇರು ಎಂದು ನಾವೂ ಒತ್ತಾಯ ಮಾಡಲಿಲ್ಲ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರು ಒಪ್ಪಿ ನಡೆಸುವ ಇಂಥ ಸಂಬಂಧ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು, ಮದುವೆಯ ಮಾನ್ಯತೆಯನ್ನು ಮಾತ್ರ ತಾನು ಕೊಡಲಾಗದು ಎಂದಿತು. ಮದುವೆಯೇ ಇಲ್ಲದವರಿಗೆ ಮದುವೆಯ ದಿನ ಎಲ್ಲಿಂದ ಬರಬೇಕು? ಅದಕ್ಕೇ ಅವರು ಸೆಪ್ಟೆಂಬರ್ ಆರನ್ನು ಇಟ್ಟುಕೊಂಡಿದ್ದಾರೆ.

ಧರ್ಮ ಏನು ಹೇಳುತ್ತದೆ ಎಂದು ಓದುಗರು ಕೇಳಬಹುದು. ಅದನ್ನು ಬಲ್ಲವರು ಬರೆಯಲಿ. ನಮ್ಮ ಮುಂದಿದ್ದದ್ದು ಹಾಡಿನ ಪ್ರಶ್ನೆ. ಒಪ್ಪಿಕೊಂಡೆವೇನೋ ಸರಿ, ಅಂಥ ಹಾಡು ನಮ್ಮಲ್ಲಿ ಎಲ್ಲಿವೆ?

ಮೊದಲು ಹಿಂದಿ ಸಿನಿಮಾದ ಕ್ಯಾಸೆಟ್ಟುಗಳನ್ನು ಹರಡಿಕೊಂಡು ಕೂತೆವು. ಬೇಗನೆ ಸೋತೆವು. ಹಿಂದಿಯಲ್ಲಿ 'ನಾನು ಬರುತ್ತೇನೆ' ಎನ್ನಲು ಗಂಡು 'ಆತಾ ಹೂಂ' ಎನ್ನಬೇಕು, ಹೆಣ್ಣು 'ಆತೀ ಹೂಂ' ಎನ್ನಬೇಕು. ಯುಗಳಗೀತೆಯಲ್ಲಂತೂ ಪಾತ್ರಗಳು ಮೊದಲೇ ಹಂಚಿಹೋಗಿರುತ್ತವೆ. ಪೆಟ್ಟಿಗೆ ಮುಚ್ಚಿ ಗಝಲ್‌ಗಳ ಪೆಟ್ಟಿಗೆ ತೆರೆದೆವು.

ಇಪ್ಪತ್ತೈದು ವರ್ಷ ಗಝಲ್ ಕೇಳಿದವರು ನಾವು. ಅದರ ಪ್ರಿಯ ವ್ಯಾಕರಣದಲ್ಲಿ ಗಂಡು ಎಂಬುದು ಗೊತ್ತಿಲ್ಲದ್ದಲ್ಲ. ಫಾರಸಿಯಲ್ಲಿ ಅವನು, ಅವಳು ಎರಡಕ್ಕೂ ಒಂದೇ ಸರ್ವನಾಮ. ಆ ಕಾವ್ಯ ಉರ್ದುವಿಗೆ ಇಳಿದಾಗ ಪ್ರಿಯನಿಗೆ ಪುಲ್ಲಿಂಗದ ಕ್ರಿಯಾಪದವೇ ಗಟ್ಟಿಯಾಯಿತು. ಕಾಲೇಜಿನಲ್ಲಿ ಮೇಷ್ಟ್ರು "ಅದು ಬರೀ ಪದ್ಧತಿ, ಅರ್ಥ ಹೆಣ್ಣೆಂದೇ" ಎಂದು ಹೇಳಿ ಪುಟ ತಿರುವಿದ್ದರು. ನಾವೂ ತಿರುವಿದ್ದೆವು. ಎಷ್ಟೋ ಕಡೆ ಅವರು ಹೇಳಿದ್ದು ನಿಜ. ಕೆಲವು ಕಡೆ ಪ್ರಿಯ ಎಂದರೆ ದೇವರು. ಆದರೆ ಮೀರ್ ತಖೀ ಮೀರ್‌ನಂಥವರಲ್ಲಿ ಪ್ರಿಯ ಗಂಡೇ ಎಂದು ನಿಸ್ಸಂದೇಹವಾಗಿ ತಿಳಿಯುವ ಶೇರ್‌ಗಳೂ ಇವೆ. ಒಂದೇ ಸಾಲಿಗೆ ಮೂರು ಬಗೆಯ ಕೇಳುಗರಿಗೆ ಜಾಗವಿತ್ತು. ನಾವು ಒಬ್ಬನನ್ನು ಮಾತ್ರ ಹೊರಗೆ ನಿಲ್ಲಿಸಿದ್ದೆವು, ಅವನೋ ನಮ್ಮ ಮನೆಯವನೇ.

ಬೇಗಂ ಅಖ್ತರ್ ಅವರ ಕ್ಯಾಸೆಟ್ ಹಾಕಿದೆವು. 1974ರಲ್ಲಿ ತೀರಿಕೊಂಡ ಈ ಮಹಾ ಗಾಯಕಿ ಹಾಡಿದ ಎಷ್ಟೋ ಗಝಲ್‌ಗಳಲ್ಲಿ ಗಂಡು ಕವಿಯ 'ನಾನು' ಇದೆ, ಪುಲ್ಲಿಂಗದ ಪ್ರಿಯನಿದ್ದಾನೆ, ಕೊರಳು ಮಾತ್ರ ಹೆಣ್ಣಿನದು. ಆ ಸಂಜೆಗೆ ಆಕೆಯವೇ ನಾಲ್ಕು ಬರೆದೆವು. (ಐದನೆಯದಕ್ಕೆ ನಮ್ಮಿಬ್ಬರಲ್ಲಿ ಜಗಳವಾಗಿ ಕೈಬಿಟ್ಟೆವು.)

ಕವ್ವಾಲಿಯಲ್ಲಿ ಇದು ತಿರುವುಮುರುವು. ಅಮೀರ್ ಖುಸ್ರೋನದೆಂದು ಹಾಡುವ ಹಿಂದವಿ ಪದಗಳಲ್ಲಿ ದಪ್ಪ ಮೀಸೆಯ ಕವ್ವಾಲರು ಮದುಮಗಳಾಗಿ ನಿಜಾಮುದ್ದೀನ್ ಔಲಿಯಾರನ್ನು ಕರೆಯುತ್ತಾರೆ. ಗುರು ಶಿಷ್ಯರಿಬ್ಬರೂ ತೀರಿಕೊಂಡದ್ದು 1325ರಲ್ಲಿ, ದೆಹಲಿಯ ಒಂದೇ ದರ್ಗಾದಲ್ಲಿ ಹತ್ತಿರ ಹತ್ತಿರ ಮಲಗಿದ್ದಾರೆ. ಆ ಪ್ರೀತಿ ಶಿಷ್ಯನ ಭಕ್ತಿ. ಅದಕ್ಕೆ ಇಂದಿನ ಹೆಸರಿಡುವುದು ಸಲ್ಲದು. ನಮ್ಮ ಉರಿಲಿಂಗದೇವನೂ ವಚನದಲ್ಲಿ ಲಿಂಗಕ್ಕೆ ಸತಿಯಾಗಿಯೇ ಮಾತಾಡಿದ. ಆದರೂ ಗಂಡೊಬ್ಬ ಗಂಡಿಗಾಗಿ ಹಂಬಲಿಸಿ ಹಾಡುವ ದನಿ ನಮ್ಮ ಕಿವಿಗೆ ಹೊಸತು ಎಂದು ಯಾರು ಹೇಳಬಲ್ಲರು? ಲಾಹೋರಿನಲ್ಲಿ ಹದಿನಾರನೆಯ ಶತಮಾನದ ಸೂಫಿ ಕವಿ ಶಾ ಹುಸೇನ್, ತಾನು ಪ್ರೀತಿಸಿದ ಮಾಧೋ ಲಾಲನ ಪಕ್ಕದಲ್ಲೇ ಸಮಾಧಿಯಾಗಿದ್ದಾನೆ. ಜನ ಅವನ ಹೆಸರಿಗೆ ಗೆಳೆಯನ ಹೆಸರನ್ನು ಸೇರಿಸಿ ಮಾಧೋ ಲಾಲ್ ಹುಸೇನ್ ಎಂದೇ ಕರೆಯುತ್ತಾರೆ. ಅವನ ಕಾಫಿಗಳನ್ನು ಆಬಿದಾ ಪರ್ವೀನ್ ಹಾಡಿದ್ದಾರೆ. ಒಂದನ್ನು ಬರೆದುಕೊಂಡೆವು.

ಇಷ್ಟು ದೂರ ಅಲೆದ ಮೇಲೆ ನೆನಪಾದದ್ದು ನಮ್ಮ ವಿಜಯಪುರವೇ. ಬಾರಾ ಕಮಾನಿನ ಅರ್ಧಕ್ಕೆ ನಿಂತ ಗೋರಿಯಲ್ಲಿ ಮಲಗಿರುವ ಎರಡನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ ಹಾಶಿಮಿ ಎಂಬ ದಖ್ಖನಿ ಕವಿಯಿದ್ದ. ಕಣ್ಣು ಕಾಣುತ್ತಿರಲಿಲ್ಲವೆನ್ನುತ್ತಾರೆ. ಮನೆಯೊಳಗಿನ ಹೆಂಗಸರ ಮಾತಿನಲ್ಲಿ, ಹೆಣ್ಣಿನ ದನಿಯಲ್ಲಿ ಗಝಲ್ ಬರೆದ. ಆ ಬಗೆಗೆ ಮುಂದೆ ಉತ್ತರದಲ್ಲಿ ರೇಖ್ತಿ ಎಂಬ ಹೆಸರು ಬಂತು. ರಂಗೀನ್, ಇನ್ಶಾ ಅದರಲ್ಲಿ ಹೆಣ್ಣು ಹೆಣ್ಣನ್ನು ಬಯಸುವುದನ್ನೂ ಬರೆದರು. ಆಮೇಲಿನ ಸಭ್ಯರು ಅದನ್ನು ಮೂಲೆಗೆ ತಳ್ಳಿದರು. ಹಾಶಿಮಿಯನ್ನು ಹಾಡಿದ ಕ್ಯಾಸೆಟ್ ನಮ್ಮ ಪೆಟ್ಟಿಗೆಯಲ್ಲಿರಲಿಲ್ಲ. ಪಟ್ಟಿಯ ಅಂಚಿನಲ್ಲಿ ಹೆಸರಷ್ಟೇ ಬರೆದೆವು.

ಅವನ ಗೆಳೆಯ ಮೈಸೂರು ಕಡೆಯವನು, ಕನ್ನಡದ ಹಾಡೂ ಇರಲಿ ಎಂದಿದ್ದ. ಇಲ್ಲಿ ನಮಗೆ ಸುಲಭವಾಯಿತು. ಕನ್ನಡದಲ್ಲಿ 'ನಾನು ಬಂದೆ', 'ನೀನು ನಕ್ಕೆ' ಎಂದರೆ ಯಾರು ಬಂದರು, ಯಾರು ನಕ್ಕರು ಎಂದು ಕ್ರಿಯಾಪದ ಕೇಳುವುದಿಲ್ಲ. 'ಅವನು', 'ಅವಳು' ಬಂದಾಗಲೇ ಅದು ಗುರುತಿನ ಚೀಟಿ ಕೇಳುವುದು. ನಲ್ಲೆ, ಗೆಳತಿ ಎಂಬ ಕರೆಯಿಲ್ಲದ, ಬರೀ ನಾನು ನೀನು ಇರುವ ಭಾವಗೀತೆಗಳನ್ನು ಆರಿಸುತ್ತಾ ಹೋದೆವು. ಸಿ. ಅಶ್ವಥ್ ಅವರ ದನಿಯಲ್ಲೇ ಮೂರು ಸಿಕ್ಕವು. ನಾವು ಮದುವೆಯಾದ ಹೊಸತರಲ್ಲಿ ನಮ್ಮವೇ ಎಂದುಕೊಂಡಿದ್ದ ಹಾಡುಗಳು ಅವು. ಕೊಡಲು ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಹೀಗೆ ನಾಲ್ಕು ಸಂಜೆ ಮನೆಯಲ್ಲಿ ಟೇಪ್ ಓಡಿತು. ಅಮ್ಮಿ ಮೂಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದರು. ನಾಲ್ಕನೆಯ ದಿನ "ಯಾರಿಗೆ ಇಷ್ಟೆಲ್ಲ?" ಎಂದರು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ನಿಮ್ಮ ಮಗನಿಗೆ. ಅವನಿಗೂ, ಅವನ ಜೊತೆಗಿರುವ ಹುಡುಗನಿಗೂ" ಎಂದೆವು. ಅಮ್ಮಿ ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡಿ ಒಳಗೆ ಹೋದರು. ರಾತ್ರಿ ಊಟಕ್ಕೆ ಕೂತಾಗ ಕೇಳಿದರು: "ಫರೀದಾ ಖಾನಂದು ಹಾಕಿದ್ದೀರಾ? ಇವತ್ತು ಹೋಗಬೇಡ ಅಂತ ಕೇಳಿಕೊಳ್ಳುವ ಹಾಡು?"

ಹಾಕಿರಲಿಲ್ಲ. ಕೊನೆಯಲ್ಲಿ ಸೇರಿಸಿದೆವು.

ಸೆಪ್ಟೆಂಬರ್ ಆರರ ರಾತ್ರಿ ಹನ್ನೊಂದಕ್ಕೆ ಅವನ ಫೋನು. "ಕೊನೆಯದನ್ನು ಯಾರು ಆರಿಸಿದ್ದು, ಆಪಾ?"

"ಅಮ್ಮಿ" ಎಂದೆವು.

ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಹಿಂದೆ ಹಾಡು ಮಾತ್ರ ಸಣ್ಣಗೆ ಕೇಳುತ್ತಿತ್ತು.