ನಾಲ್ಕಡಿ ಕೆಳಗಿನ ಲೆಕ್ಕ

ಮನೆ ಕಟ್ಟುವ ಸುಖದ ದೊಡ್ಡ ಪಾಲು ಇರುವುದು ಗ್ರಾಫ್ ಹಾಳೆಯ ಮೇಲೆ. ಜಲ್ಲಿ, ಮರಳು, ಎತ್ತದ ಮೇಸ್ತ್ರಿಯ ಫೋನು ಇವೆಲ್ಲ ಆಮೇಲಿನ ಪ್ರಾರಬ್ಧ. ಆ ಸುಖದಲ್ಲೂ ಒಂದನ್ನು ಆರಿಸುವುದಾದರೆ, ಬೆಂಗಳೂರಿನ ಪದ್ಮನಾಭನಗರದಂಥ ಬಡಾವಣೆಯ ಮನೆಗಳ ಕೆಳಗೆ ಅರ್ಧ ಮಣ್ಣಿಗಿಳಿದು ನಿಂತ ಬೇಸ್‌ಮೆಂಟನ್ನು ಕೂತೆದ್ದು ಬಾಳುವ ಕೋಣೆಯಾಗಿ ಮಾರ್ಪಡಿಸುವ ನಕ್ಷೆಗೆ ನನ್ನ ಮೊದಲ ಮಣೆ. ಮೇಲಿನ ಕೋಣೆಗಳಿಗೆ ಗಾಳಿ, ಬೆಳಕು, ಎತ್ತರ ಎಲ್ಲವೂ ಹುಟ್ಟಿನಿಂದ ಬಂದ ಆಸ್ತಿ. ಕೆಳಗಿನದಕ್ಕೆ ಒಂದೊಂದು ಅಂಗುಲವನ್ನೂ ದುಡಿದು ತರಬೇಕು. ಹಳೇ ಪೇಪರು, ತುಕ್ಕು ಹಿಡಿದ ಸೈಕಲ್ಲು, ಗಣೇಶನ ಹಬ್ಬದ ಮಂಟಪ ತುಂಬಿಟ್ಟ ಆ ಜಾಗ ನೋಡಿದವರು ‘ಇಲ್ಲಿ ಏನು ಮಾಡಬಹುದು?’ ಎಂದು ಕೇಳುತ್ತಾರೆ. ಅದು ಎರಡನೆಯ ಪ್ರಶ್ನೆ. ಮಳೆ ಹೊಯ್ದರೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಮೊದಲನೆಯದು. ನೀರಿನ ದಾರಿ ಬರೆದಾದ ಮೇಲೆ ಉಳಿಯುವ ಜಾಗವೇ ಕೋಣೆ ಎಂಬುದು ನನ್ನ ವಾದ.

ಮೊದಲು ಅಳತೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬೇಸ್‌ಮೆಂಟಿನ ಒಳ ಎತ್ತರ ಕನಿಷ್ಠ 2.4 ಮೀಟರ್ ಇರಬೇಕು. ಚಾವಣಿ ಸುತ್ತಲಿನ ನೆಲಮಟ್ಟದಿಂದ 0.9ರಿಂದ 1.2 ಮೀಟರ್ ಮೇಲಿರಬೇಕು. ಅಂದರೆ ಎಂಟಡಿಯಲ್ಲಿ ಹೆಚ್ಚುಕಡಿಮೆ ನಾಲ್ಕಡಿ ಮಣ್ಣಿನ ಪಾಲು, ನಾಲ್ಕಡಿ ಬಯಲಿನ ಪಾಲು. ಕಾರು ನಾಲ್ಕಡಿ ಇಳಿಯಲು ಎಂಟಕ್ಕೆ ಒಂದರ ಇಳಿಜಾರು ಕೊಟ್ಟರೆ ರ‍್ಯಾಂಪ್ ಒಂದೇ 32 ಅಡಿ ನುಂಗುತ್ತದೆ. 30-40 ಸೈಟಿನ ಉದ್ದವೇ 40 ಅಡಿ. ಹಾಗಾಗಿ ಸಣ್ಣ ಸೈಟಿನಲ್ಲಿ ಈ ಲೆಕ್ಕ ನೆಟ್ಟಗೆ ಕೂಡುವುದು ನೆಲವೇ ಓರೆಯಾಗಿದ್ದು, ತಗ್ಗಿನ ಕಡೆಯಿಂದ ಒಳಗೆ ಹೋಗುವಂತಿದ್ದಾಗ ಮಾತ್ರ. ದೇವಗಿರಿಯ ಗುಡ್ಡವನ್ನು ಮಗ್ಗುಲಲ್ಲಿಟ್ಟುಕೊಂಡ ಈ ಸೀಮೆಯಲ್ಲಿ ಏರಿಳಿತದ ರಸ್ತೆಗಳಿಗೆ ಬರವಿಲ್ಲ. ಇನ್ನು ಒಳಗೆ ಟೇಪು ಹಿಡಿಯುವವರು ಸ್ಲ್ಯಾಬಿನ ಅಡಿಗೆ ಹಿಡಿದು ಎಂಟಡಿ ಎಂದು ಹಿಗ್ಗುತ್ತಾರೆ. ತಲೆ ತಗಲುವುದು ಸ್ಲ್ಯಾಬಿಗಲ್ಲ, ಬೀಮಿಗೆ. 15 ಅಂಗುಲ ಇಳಿದ ಬೀಮಿನ ಕೆಳಗೆ ಉಳಿಯುವುದು ಆರೂಮುಕ್ಕಾಲು ಅಡಿ. ನಿಲ್ಲುವ, ನಡೆಯುವ ಕೆಲಸವನ್ನು ಎರಡು ಬೀಮುಗಳ ನಡುವೆಯೂ ಕೂರುವ, ಇಡುವ ಕೆಲಸವನ್ನು ಬೀಮಿನ ಕೆಳಗೂ ಹಂಚಿದರೆ ಕೋಣೆಯ ವಿನ್ಯಾಸ ಮುಕ್ಕಾಲು ತಾನಾಗಿಯೇ ಮೂಡುತ್ತದೆ. ವಾಸದ ಕೋಣೆಗೆ ಅದೇ ಸಂಹಿತೆ ಕೇಳುವುದು 2.75 ಮೀಟರ್. ಒಂದಡಿಗೂ ಮಿಕ್ಕ ಆ ಕೊರತೆಯಲ್ಲೇ ಒಂದು ಉತ್ತರವಿದೆ: ಇದು ಕೆಲವು ಗಂಟೆ ಕೂತು ಏಳುವ ಜಾಗ, ಹಾಸಿಗೆ ಹಾಸುವ ಜಾಗವಲ್ಲ.

ಈಗ ನೀರಿಗೆ ಬರೋಣ. ನೆಲದಡಿ ಕಟ್ಟುವ ವಿದ್ಯೆ ನಮಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಸ್ವಂತ ಮನೆ ಎಂದ ಮೇಲೆ ಅಂಗಳದಲ್ಲೊಂದು ಸಂಪು ಇದ್ದೇ ಇರುತ್ತದೆ. ಬೇಸ್‌ಮೆಂಟ್ ಎಂದರೆ ಒಳಗು ಹೊರಗು ತಿರುವುಮುರುವಾದ ಸಂಪು: ಅಲ್ಲಿ ನೀರು ಒಳಗೇ ಇರಬೇಕು, ಇಲ್ಲಿ ಹೊರಗೇ ಇರಬೇಕು. ಎರಡೂ ಅಕ್ಕಪಕ್ಕದಲ್ಲಿದ್ದರೆ ಪಂಚಾಯಿತಿ ಶುರು. ಬಿರುಬೇಸಿಗೆಯಲ್ಲೂ ಗೋಡೆ ಒಸರುತ್ತಿದ್ದರೆ ಮಳೆಯನ್ನು ಬೈಯುವ ಮೊದಲು ಸಂಪನ್ನು ಬತ್ತಿಸಿ ನೋಡುವುದು ವಾಸಿ. ಇನ್ನೊಂದು ಅಗ್ಗದ ಪರೀಕ್ಷೆಯಿದೆ: ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ನೆಲಕ್ಕೆ ಅಂಟಿಸಿ ಒಂದೆರಡು ದಿನ ಬಿಡುವುದು. ಹನಿ ಹಾಳೆಯ ಕೆಳಗೆ ಕಟ್ಟಿದರೆ ತೇವ ಮಣ್ಣಿನದು, ಮೇಲೆ ಕಟ್ಟಿದರೆ ಗಾಳಿಯದು. ಮದ್ದು ಬೇರೆ ಬೇರೆ. ಹಾಳೆ ಅಂಟಿಸುವ ಮೊದಲೇ ಬಣ್ಣದ ಡಬ್ಬ ತರುವವರಿಗೆ ದುಡ್ಡು ಹೆಚ್ಚಾಗಿದೆ ಎಂದೇ ಅರ್ಥ. ಹೊಸದಾಗಿ ಕಟ್ಟುವವರಿಗೆ ನಮ್ಮ ಶಹಾಬಾದ್ ಕಲ್ಲಿದೆ: ಗೋಡೆಯ ಹೊರಮೈಗೂ ತಳಕ್ಕೂ ಒರಟು ಚಪ್ಪಡಿ ಜೋಡಿಸಿ ಸಂದಿಗೆ ಗಾರೆ ತುಂಬುವ ಹಳೆಯ ‘ಬಾಕ್ಸ್’ ಪದ್ಧತಿ. ಕಟ್ಟಿದ ಮನೆಗೆ ಆ ಭಾಗ್ಯವಿಲ್ಲ, ಒಳಗಿನಿಂದಲೇ ಹೋರಾಡಬೇಕು. ಆದ್ದರಿಂದ ನೀರು ಗೋಡೆಯ ತನಕ ಬಾರದಂತೆ ಅಂಗಳದ ವಾಟ ತಿದ್ದುವುದೇ ಜಾಣತನ. ಮಳೆನೀರು ಸಂಗ್ರಹ ನಗರದಲ್ಲಿ 2009ರಿಂದ ಕಡ್ಡಾಯ. ಅದನ್ನು ಕಣ್ಣಾರೆ ಕಂಡು ಕಲಿಯಲು ಜಯನಗರದಲ್ಲಿ ಜಲಮಂಡಳಿಯ ಥೀಮ್ ಪಾರ್ಕೇ ಇದೆ. ಆದರೆ ಇಂಗುಗುಂಡಿಯನ್ನು ಬೇಸ್‌ಮೆಂಟಿನ ಗೋಡೆಗೆ ಒತ್ತಿ ತೋಡಿದರೆ ಪುಣ್ಯದ ಕೆಲಸವೇ ಗೋಡೆಗೆ ಶಾಪವಾಗುತ್ತದೆ. ಮಣ್ಣಿನೊಳಗಿನ ನೀರಿಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ: ಹಂಪಿಯಲ್ಲಿ ನೆಲಮಟ್ಟದ ಕೆಳಗಿರುವ ಪ್ರಸನ್ನ ವಿರೂಪಾಕ್ಷನ ಗುಡಿಯೊಳಗೂ ಅದು ಬಂದು ನಿಲ್ಲುತ್ತದೆ.

ಇಲ್ಲಿ ಬಲವಾದ ಆಕ್ಷೇಪಣೆಯೊಂದು ಎದ್ದು ನಿಲ್ಲುತ್ತದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. 2025ರ ಮೇ 19ರಂದು, ಪದ್ಮನಾಭನಗರಕ್ಕೆ ದೂರವೇನಲ್ಲದ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ, ಬೇಸ್‌ಮೆಂಟಿಗೆ ನುಗ್ಗಿದ ಮಳೆನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಒಬ್ಬ ಇನ್ನೂ ಬಾಲಕ. ಅದರ ಹಿಂದಿನ ವರ್ಷ ಜುಲೈ 27ರಂದು ದೆಹಲಿಯ ರಾಜಿಂದರ್ ನಗರದಲ್ಲಿ ಕೋಚಿಂಗ್ ಕೇಂದ್ರದ ಬೇಸ್‌ಮೆಂಟ್ ಗ್ರಂಥಾಲಯಕ್ಕೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಮುಳುಗಿದರು. ಇಷ್ಟಾದ ಮೇಲೂ ನೆಲದಡಿಯ ಕೋಣೆಯ ಚಪಲವೇಕೆ? ಅರ್ಧ ಒಪ್ಪುತ್ತೇನೆ. ಹಳೇ ಕೆರೆಯಂಗಳದಲ್ಲೋ ರಾಜಕಾಲುವೆಯ ಪಕ್ಕದಲ್ಲೋ, ರಸ್ತೆಯ ನೀರೆಲ್ಲ ಬಂದು ಸೇರುವ ತಗ್ಗಿನಲ್ಲೋ ಮನೆ ಇದ್ದರೆ ಗ್ರಾಫ್ ಪುಸ್ತಕ ಮುಚ್ಚಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದ ಕಡೆ ಈ ಸಾವುಗಳು ಹೇಳುವುದು ಯಾವುದನ್ನು ಮೊದಲು ಬರೆಯಬೇಕು ಎಂಬುದನ್ನೇ. ರ‍್ಯಾಂಪಿನ ಬಾಯಲ್ಲಿ ರಸ್ತೆಗಿಂತ ಎತ್ತರದ ಉಬ್ಬು, ಅದರ ಬುಡದಲ್ಲಿ ಅಡ್ಡಲಾಗಿ ಜಾಲರಿ ಹೊದಿಸಿದ ಚರಂಡಿ, ಎದೆಮಟ್ಟಕ್ಕಿಂತ ಮೇಲೆ ಎಲ್ಲ ಪ್ಲಗ್ಗು, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ, ಮನೆಯೊಳಕ್ಕೆ ಹತ್ತಲು ಎರಡನೆಯ ದಾರಿ. ಪಂಪಿನ ಸ್ವಿಚ್ಚು ಮೇಲಿನ ಮಹಡಿಯಲ್ಲಿರಲಿ. ಸೋಫಾದ ಬಣ್ಣದ ಚರ್ಚೆ ಇವೆಲ್ಲ ಮುಗಿದ ಮೇಲೆ.

ನೀರು ಬಗೆಹರಿದರೆ ಬೆಳಕಿನ ಆಟ ಶುರು, ಅದೇ ಈ ಹವ್ಯಾಸದ ಸಿಹಿ ಭಾಗ. ಕೆಲವೇ ಕಿಲೋಮೀಟರ್ ಆಚೆ ಗವಿಪುರದ ಗವಿ ಗಂಗಾಧರೇಶ್ವರನಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ಕಿಟಕಿಯಿಂದ ಬಂದು, ನಂದಿಯ ಕೊಂಬುಗಳ ನಡುವೆ ಹಾಯ್ದು, ಬಂಡೆಯೊಳಗಿನ ಲಿಂಗವನ್ನು ಮುಟ್ಟುತ್ತದೆ. ತೆರಪಿನ ಗಾತ್ರಕ್ಕಿಂತ ಅದರ ಜಾಗ ಮುಖ್ಯ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪಾಠಶಾಲೆ ಬೇಕಿಲ್ಲ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ಉತ್ತರಕ್ಕೂ ಉಳಿದ ತಿಂಗಳು ದಕ್ಷಿಣಕ್ಕೂ ವಾಲುತ್ತಾನೆ. ಬಯಲಿನ ಪಾಲಿನ ನಾಲ್ಕಡಿಯಲ್ಲಿ ಬೀಮಿನಡಿ ಉಳಿಯುವ ಪಟ್ಟಿಯಲ್ಲೇ ಎರಡೂ ದಿಕ್ಕಿಗೆ ಅಗಲವಾದ, ಗಿಡ್ಡ ಕಿಟಕಿಗಳಿಟ್ಟರೆ ಗಾಳಿಯೂ ಅಡ್ಡ ಹಾಯುತ್ತದೆ. ಬೆಳಕು ಒಳಕ್ಕೆ ಪುಟಿಯಲೆಂದು ಪಕ್ಕದ ಮನೆಯವರ ಗೋಡೆಗೆ ನಮ್ಮ ಖರ್ಚಿನಲ್ಲೇ ಸುಣ್ಣ ಹೊಡೆಸಲು ಅವರು ಒಪ್ಪಿದರೆ ಇನ್ನೂ ಲಾಭ. ಒಪ್ಪಿಸುವುದು ವಾಸ್ತುಶಿಲ್ಪಕ್ಕಿಂತ ಕಷ್ಟದ ಕಲೆ. ಗಾಳಿಯಾಟ ಬರೀ ಹಿತಕ್ಕಲ್ಲ: ನಮ್ಮ ಕಾಲಡಿಯ ನೈಸ್ ಬಂಡೆಯಂಥವುಗಳಿಂದ ಹೊಮ್ಮುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಮುಚ್ಚಿದ ನೆಲಮನೆಯಲ್ಲಿ ಕೂಡಿಕೊಳ್ಳಬಲ್ಲದು.

ಕಾರು ಎಲ್ಲಿ ಹೋಗಬೇಕು ಎಂದು ಕೇಳುವವರು ನ್ಯಾಯವಾಗಿಯೇ ಕೇಳುತ್ತಾರೆ. ಪಾಲಿಕೆ ಒಪ್ಪಿದ ನಕ್ಷೆಯಲ್ಲಿ ಪಾರ್ಕಿಂಗ್ ಎಂದಿರುವ ಜಾಗವನ್ನು ಬೇರೆಯದಕ್ಕೆ ತಿರುಗಿಸುವುದು ನಕ್ಷೆಯ ಉಲ್ಲಂಘನೆ. ಕಾರನ್ನು ಬೀದಿಗೆ ದಬ್ಬಿ ಒಳಗೆ ಕೋಣೆ ಪಡೆಯುವುದು ಊರಿನ ಜಾಗ ಕದ್ದ ಹಾಗೆ. ಹಾಗಾಗಿ ಕಾರಿಗೆ ಎಂಟಡಿ ಅಗಲ, ಹದಿನೆಂಟಡಿ ಉದ್ದ ಮೊದಲೇ ಗುರುತಿಸಿ, ಹೊಗೆ ದಾಟದಂತೆ ನಡುವೆ ಗೋಡೆ ಎಳೆದು, ಮಿಕ್ಕ ಮೂಲೆಯಲ್ಲಿ ಮಾತ್ರ, ಅದೂ ನಿಯಮ ಬಿಟ್ಟಷ್ಟರಲ್ಲಿ, ಕನಸು ಕಾಣಬೇಕು. ಆ ಮೂಲೆ ನೈಋತ್ಯದಲ್ಲಿದ್ದರೆ ವಾಸ್ತು ಪಂಡಿತರು ತಲೆಯಾಡಿಸುತ್ತಾರೆ. ವಾಟ ಹೇಳಿದ ಕಡೆ ಹೋಗುವುದೇ ನನಗೆ ಒಪ್ಪಿಗೆ. ಪುಸ್ತಕಕ್ಕೆ ಅದು ಹೇಳಿದ ಜಾಗವಲ್ಲ, ಬೂಷ್ಟು ಹಿಡಿಯುತ್ತದೆ. ಮೃದಂಗ, ವೀಣೆಯ ಅಭ್ಯಾಸಕ್ಕೆ ಸೊಗಸು: ಸುತ್ತಲಿನ ಮಣ್ಣು ನಾದವನ್ನು ನುಂಗುತ್ತದೆ, ಅಕ್ಕಪಕ್ಕದವರ ನಿದ್ದೆ ಅಷ್ಟಾಗಿ ಕೆಡುವುದಿಲ್ಲ. ಮರಗೆಲಸಕ್ಕೂ ಆದೀತು. ಜೊತೆಗೊಂದು ಟಾಯ್ಲೆಟ್ ಬೇಕೆಂಬ ಬೇಡಿಕೆ ಬಂದೇ ಬರುತ್ತದೆ; ಆದರೆ ರಸ್ತೆಯ ಯುಜಿಡಿ ಚೇಂಬರಿನ ಮುಚ್ಚಳಕ್ಕಿಂತ ಕೆಳಗಿರುವ ಕಮೋಡಿನಲ್ಲಿ, ಒಳಚರಂಡಿ ಕಟ್ಟಿಕೊಂಡ ದಿನ, ಇಡೀ ಬೀದಿಯ ಪಾಲು ಬಂದು ಉಕ್ಕುತ್ತದೆ. ಮೇಲಿನ ಮಹಡಿಗೆ 15 ಮೆಟ್ಟಿಲು ಹತ್ತುವುದು ಅಷ್ಟೇನೂ ಕಷ್ಟವಲ್ಲ.