ಕಿಟಿಕಿಯಿಲ್ಲದ ಕೋಣೆಗೆ ಬೆಳಕು

ನಮ್ಮ ಅಡಿಗೆಯ ಕೋಣೆಗೆ ಕಿಟಿಕಿಯಿರಲಿಲ್ಲ. ಎರಡು ಪಕ್ಕಗಳಲ್ಲಿ ನೆರೆಯವರ ಗೋಡೆ, ಹಿಂದೆ ಗುಡ್ಡ, ಮೇಲೆ ತಗಡಿನ ಮಾಡು. ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹೊರಗೆ ಸುಡುವ ಬಿಸಿಲಿದ್ದಾಗಲೂ ನಮ್ಮ ತಾಯಿಯವರು ಚಿಮಿಣಿ ದೀಪವನ್ನು ಹಚ್ಚಿ ಅಕ್ಕಿಯ ಕಲ್ಲನ್ನು ಆರಿಸುತ್ತಿದ್ದರು. ಒಂದು ದಿನ ಆ ದೀಪವು ಅಜ್ಜಿಯ ಸೆರಗಿಗೆ ತಗಲಿತು. ಪಕ್ಕದಲ್ಲಿ ನೀರಿನ ಕೊಡವಿದ್ದದರಿಂದ ಕೈ ಮಾತ್ರ ಸುಟ್ಟಿತು. ಅಂದಿನಿಂದ ಹಗಲಲ್ಲಿ ದೀಪವಿಲ್ಲದೆ ಆ ಕೋಣೆಗೆ ಬೆಳಕನ್ನು ತರುವದು ಹೇಗೆಂಬ ಚಿಂತೆಯು ಅಕ್ಕತಂಗಿಯರಾದ ನಮ್ಮಿಬ್ಬರನ್ನು ಬಿಡಲಿಲ್ಲ.

"ಹಂಚಿನ ಮನೆಯಾದರೆ ನಡುವೆ ಒಂದು ಗಾಜಿನ ಹಂಚನ್ನು ಇಡಿಸಬಹುದಿತ್ತು; ತಗಡಿಗೆ ಏನು ಮಾಡುತ್ತೀರಿ, ಮಕ್ಕಳೇ?" ಎಂದು ಅಜ್ಜಿ ಕೇಳಿದರು. ಅದಕ್ಕೆ ಉತ್ತರವು ದೂರದ ಬ್ರೆಜಿಲ್ ದೇಶದಿಂದ ಬಂತು. ಅಲ್ಲಿಯ ಉಬೆರಾಬ ಎಂಬ ಊರಿನ ಆಲ್ಫ್ರೆಡೊ ಮೋಸರ್ ಎಂಬ ಯಂತ್ರ ರಿಪೇರಿಯವರು, ಕರೆಂಟಿನ ಅಭಾವವಿದ್ದ 2002ರ ಸುಮಾರಿಗೆ, ಎರಡು ಲೀಟರಿನ ಪ್ಲಾಸ್ಟಿಕ್ ಸೀಸೆಯಲ್ಲಿ ನೀರು ತುಂಬಿಸಿ ಮಾಡಿನಲ್ಲಿ ಕೂಡಿಸಿದರಂತೆ. 2011ರಲ್ಲಿ ಫಿಲಿಪ್ಪೀನ್ಸ್ ದೇಶದ ಇಲಾಕ್ ದಿಯಾಸ್ ಎಂಬವರು 'ಲೀಟರ್ ಆಫ್ ಲೈಟ್' ಎಂಬ ಹೆಸರಿನಿಂದ ಇದನ್ನೇ ಬಡವರ ಮನೆಮನೆಗಳಿಗೆ ಒಯ್ದರು. ಇದನ್ನು ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ತರಗತಿಯಲ್ಲಿ ಹೇಳಿದರು.

ಇದರ ಮರ್ಮವು ಸುಲಭವಾದದ್ದು. ಬರಿಯ ತೂತಿನಿಂದ ಬಿಸಿಲು ನೆಲದ ಒಂದೇ ಕಡೆಗೆ ಬೀಳುವದು. ನೀರಿನೊಳಗೆ ಹೊಕ್ಕ ಕಿರಣಗಳಾದರೋ ಬಾಗಿ, ಪ್ರತಿಫಲಿಸಿ, ಸುತ್ತಲೂ ಹರಡುವವು. ಒಳ್ಳೆಯ ಬಿಸಿಲಿನಲ್ಲಿ ಒಂದು ಸೀಸೆಯು 40ರಿಂದ 60 ವಾಟಿನ ಬಲ್ಬಿನಷ್ಟು ಬೆಳಗುವದೆನ್ನುತ್ತಾರೆ. ನೀರು ಪಾಚಿಗಟ್ಟದಂತೆ ಎರಡು ಮುಚ್ಚಳದಷ್ಟು ಬ್ಲೀಚನ್ನು ಬೆರಸಬೇಕು.

ನಾವು ತಂದೆಯವರನ್ನು ಕಾಡಿ ತಗಡಿಗೆ ತೂತು ಹೊಡೆಯಿಸಿದೆವು. ಸಾಧಾರಣ ಅಂಟು ಸಾಕೆಂದು ಎಣಿಸಿದ್ದೇ ನಮ್ಮ ತಪ್ಪು. ಮೊದಲನೆಯ ಮಳೆಗೇ ನೀರು ಸೋರಿ ಒಲೆಯು ನಂದಿತು. "ಇದ್ದ ಮಾಡನ್ನೂ ಕೆಡಿಸಿದಿರಿ" ಎಂದು ತಂದೆಯವರು ಗದರಿಸಿದಾಗ ನಮಗೆ ಬಾಯಿಲ್ಲದೆ ಹೋಯಿತು. ಆದರೂ ತಾಯಿಯವರು, "ಇನ್ನೊಂದು ಸಾರಿ ನೋಡಲಿ" ಎಂದರು. ಈ ಸಾರಿ ಸೀಸೆಯ ಕತ್ತಿಗೆ ತಗಡಿನ ಬಳೆಯನ್ನು ತೊಡಿಸಿ, ತಗಡನ್ನು ಉಜ್ಜಿ ಒಣಗಿಸಿ, ಪಾಲಿಯೆಸ್ಟರ್ ರಾಳದಿಂದ ಸಂದುಗಳನ್ನು ಮುಚ್ಚಿದೆವು. ಮಳೆಗಾಲವೆಲ್ಲಾ ಒಂದು ಹನಿಯೂ ಇಳಿಯಲಿಲ್ಲ.

ಈ ಸೀಸೆಯು ರಾತ್ರಿಯಲ್ಲಿ ಬೆಳಗದು. ಕಿಟಿಕಿಯಂತೆ ಗಾಳಿಯನ್ನು ತಾರದು, ಹೊಗೆಯನ್ನು ಹೊರಡಿಸದು. ಆದದರಿಂದ ಇಷ್ಟಕ್ಕೇ ತೃಪ್ತಿಪಡಲಾಗದು. ಆದರೂ ಹಗಲಿನ ಚಿಮಿಣಿಯು ನಮ್ಮ ಮನೆಯಿಂದ ತೊಲಗಿತು. ಮೊದಲನೆಯ ದಿನ ಅಜ್ಜಿಯು ಆ ಬೆಳಕಿನ ಕೆಳಗೆ ಕೂತು, ಮಚ್ಚೆ ಉಳಿದ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಮೊರವನ್ನು ಇಲ್ಲಿ ತಾ, ಕಲ್ಲನ್ನು ನಾನೇ ಆರಿಸುವೆನು" ಎಂದರು.

ಪ್ರಿಯ ಸಹೋದರಿಯರೇ, ಶಾಲೆಯಲ್ಲಿ ಕಲಿತ ಪಾಠವು ಅಡಿಗೆಯ ಕೋಣೆಯ ವರೆಗೂ ತಲಪುವದಾದರೆ ಅದೇ ನಮ್ಮ ವಿದ್ಯೆಯ ಸಾರ್ಥಕವೆಂದು ನಾವು ಅಂದು ತಿಳಿದೆವು.